ಪಾರ್ಕಿಂಗಿನಿಂದ ಶುರುಮಾಡಿ: 2001ರ ಭೂಕಂಪವನ್ನು ಓದಿಕೊಂಡು ಕರಾವಳಿಯ ಕಟ್ಟಡ ಪರೀಕ್ಷಿಸುವ ಕ್ರಮ

2001ರ ಜನವರಿ 26ರ ಬೆಳಿಗ್ಗೆ 8.46ಕ್ಕೆ ಗುಜರಾತಿನ ಕಚ್ಛ್‌ನಲ್ಲಿ, ಭಚಾವ್ ಪಟ್ಟಣದ ಹತ್ತಿರ, 7.7 ತೀವ್ರತೆಯ ಭೂಕಂಪವಾಯಿತು. ಭುಜ್, ಅಂಜಾರ್, ಭಚಾವ್, ರಾಪರ್ ನೆಲಕಚ್ಚಿದವು. ಸರಕಾರದ ಲೆಕ್ಕದಲ್ಲೇ 13,800ಕ್ಕೂ ಹೆಚ್ಚು ಮಂದಿ ಸತ್ತರು. ಎಲ್ಲರಿಗೂ ನೆನಪಿರುವುದು ಇಷ್ಟು. ಮಂಗಳೂರು, ಉಡುಪಿಯವರು ಗಮನಿಸಬೇಕಾದದ್ದು ಅಹಮದಾಬಾದಿನ ಕಥೆಯನ್ನು. ಕೇಂದ್ರಬಿಂದುವಿನಿಂದ ಇನ್ನೂರು ಕಿಲೋಮೀಟರಿಗೂ ಆಚೆ ಇದ್ದ ಆ ನಗರದಲ್ಲಿ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಕುಸಿದದ್ದರಲ್ಲಿ ಹೆಚ್ಚಿನವು ಹಳೇ ಮನೆಗಳಲ್ಲ. ನೆಲಮಟ್ಟದಲ್ಲಿ ಪಾರ್ಕಿಂಗ್, ಮೇಲೆ ನಾಲ್ಕೋ ಹತ್ತೋ ಮಹಡಿ ಇದ್ದ, ಹತ್ತಿಪ್ಪತ್ತು ವರ್ಷದೊಳಗಿನ ಫ್ಲ್ಯಾಟುಗಳು.

ಅಂದು ಅಹಮದಾಬಾದಿನಲ್ಲಿ ಉಪಕರಣ ದಾಖಲಿಸಿದ ನೆಲದ ಅಲುಗಾಟ ಗುರುತ್ವದ ಸುಮಾರು ಶೇ. 11ರಷ್ಟು. ಭೂಕಂಪ ತಾಳುವ ವಿನ್ಯಾಸಕ್ಕಿರುವ ಭಾರತೀಯ ಮಾನಕ ಸಂಹಿತೆ ಐಎಸ್ 1893. ಅದರ 2016ರ ಆವೃತ್ತಿಯ ಊರುಗಳ ಪಟ್ಟಿಯಲ್ಲಿ ಅಹಮದಾಬಾದು ಇರುವುದು 3ನೇ ವಲಯದಲ್ಲಿ, ಗುಣಾಂಕ 0.16, ಅಂದರೆ ಗುರುತ್ವದ ಶೇ. 16. ಅದೇ ಪಟ್ಟಿಯಲ್ಲಿ ಮಂಗಳೂರೂ 3ನೇ ವಲಯ, ಗುಣಾಂಕವೂ ಅದೇ 0.16. ಬೆಂಗಳೂರು ಒಂದು ಮೆಟ್ಟಿಲು ಕೆಳಗೆ, 2ನೇ ವಲಯದಲ್ಲಿದೆ. ಅಂದರೆ 3ನೇ ವಲಯಕ್ಕೆ ಸಂಹಿತೆ ಊಹಿಸುವ ಗರಿಷ್ಠ ಅಲುಗಾಟಕ್ಕಿಂತ ಕಡಿಮೆಯದರಲ್ಲೇ ಅಹಮದಾಬಾದಿನ ಆ ಕಟ್ಟಡಗಳು ಬಿದ್ದವು.

ಹಾಗೆಂದು ಕಚ್ಛ್‌ನಂಥ ಭೂಕಂಪ ನಾಳೆ ಕರಾವಳಿಗೆ ಬರುತ್ತದೆ ಎಂದು ಯಾರೂ ಹೆದರಿಸಬೇಕಿಲ್ಲ. 2022ರ ಜೂನ್ ಕೊನೆಯಲ್ಲಿ ಸುಳ್ಯ, ಸಂಪಾಜೆ, ಚೆಂಬು ಕಡೆ ಪಾತ್ರೆ ಅಲುಗಿಸಿದ ಕಂಪನಗಳಲ್ಲಿ ದೊಡ್ಡದು 3ರ ಆಸುಪಾಸಿನದು. ಮಾಪಕದಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಹಾಗಾಗಿ 3ಕ್ಕೂ 7.7ಕ್ಕೂ ನಡುವಿನ ಅಂತರ ಕೋಟಿ ಪಟ್ಟಿಗೂ ಮೇಲೆ. ಸುಳ್ಯದ ಕಂಪನಕ್ಕೆ ಏನೂ ಆಗಲಿಲ್ಲ ಎಂಬುದು ಕಟ್ಟಡಕ್ಕೆ ಸಿಕ್ಕ ಸರ್ಟಿಫಿಕೇಟ್ ಅಲ್ಲ, ಅಷ್ಟೆ.

ಫ್ಲ್ಯಾಟಿನ ಸಂಘದವರು, ಮನೆ ಕೊಳ್ಳುವವರು, ಹಳೇ ಹಂಚಿನ ಮನೆ ಉಳಿಸಿಕೊಂಡವರು ತಾವೇ ಮಾಡಬಹುದಾದ ಮೊದಲ ಹಂತದ ಪರಿಶೀಲನೆ ಇದು. ಬೇಕಾದದ್ದು ಇಷ್ಟು: 5 ಮೀಟರ್ ಟೇಪು, ಟಾರ್ಚು, ನೂಲುಗುಂಡು, ಬಿರುಕಿನ ಅಗಲ ಅಳೆಯುವ ಪ್ಲಾಸ್ಟಿಕ್ ಪಟ್ಟಿ, ಚಿಕ್ಕ ಸುತ್ತಿಗೆ, ಫೋನಿನ ಕ್ಯಾಮರಾ. ಎರಡು ಗಂಟೆ ಸಾಕು. ಸಾಮಾನ್ಯವಾಗಿ ಜನ ಮೇಲಿನ ಮಹಡಿಯ ಹಾಲಿನ ಗೋಡೆಬಿರುಕು ತೋರಿಸಿ ಗಾಬರಿಪಡುತ್ತಾರೆ. ಆ ಬಿರುಕು ಹೆಚ್ಚಾಗಿ ಬೀಮಿಗೂ ಕೆಂಪುಕಲ್ಲಿನ ಗೋಡೆಗೂ ನಡುವೆ ಬಿಸಿಲು ಮಳೆಗೆ ಬಿಟ್ಟ ಸಂದು. ಕಟ್ಟಡ ನಿಲ್ಲುವುದೂ ಬೀಳುವುದೂ ತೀರ್ಮಾನವಾಗುವುದು ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ.

ಕಾಗದ ಮತ್ತು ನೆಲ

ಮೊದಲು ಕಡತ. ಮಂಜೂರಾದ ನಕ್ಷೆ ಎಲ್ಲರ ಹತ್ತಿರವೂ ಇರುತ್ತದೆ. ಬೇಕಿರುವುದು ಸ್ಟ್ರಕ್ಚರಲ್ ಡ್ರಾಯಿಂಗ್, ಅಂದರೆ ಪಿಲ್ಲರ್, ಬೀಮ್, ಪಾಯದ ಕಂಬಿಯ ವಿವರ ಇರುವ ಹಾಳೆಗಳು. ಬಿಲ್ಡರ್ ಬಳಿ, ಇಲ್ಲವೇ ಆಗಿನ ಇಂಜಿನಿಯರ್ ಬಳಿ ಕೇಳಿ ಪಡೆಯಿರಿ. ಅದರ ಮೂಲೆಯಲ್ಲಿ ಯಾವ ಸಂಹಿತೆಯಂತೆ ವಿನ್ಯಾಸ ಮಾಡಿದ್ದು ಎಂದು ಬರೆದಿರಬೇಕು. ಸಾಮಾನ್ಯ ಕಾಂಕ್ರೀಟ್ ವಿನ್ಯಾಸದ ಐಎಸ್ 456 ಮಾತ್ರ ಇದ್ದು ಐಎಸ್ 1893, ಭೂಕಂಪಕ್ಕೆ ಕಂಬಿ ಕಟ್ಟುವ ಕ್ರಮ ಹೇಳುವ ಐಎಸ್ 13920 ಹೆಸರೇ ಇಲ್ಲದಿದ್ದರೆ ಭೂಕಂಪದ ಲೆಕ್ಕ ಹಾಕಿಲ್ಲ ಎಂದೇ ಹಿಡಿಯಿರಿ.

ವರ್ಷವೂ ಮುಖ್ಯ. ಪಾರ್ಕಿಂಗಿನ ತೆರೆದ ಅಂತಸ್ತಿಗೆ ವಿಶೇಷ ನಿಯಮ ಬಂದದ್ದು ಕಚ್ಛ್ ಭೂಕಂಪದ ಮರುವರ್ಷ, ಐಎಸ್ 1893ರ 2002ರ ಆವೃತ್ತಿಯಲ್ಲಿ: ಆ ಅಂತಸ್ತಿನ ಪಿಲ್ಲರು, ಬೀಮುಗಳನ್ನು ಲೆಕ್ಕಕ್ಕೆ ಬಂದ ಬಲದ ಎರಡೂವರೆ ಪಟ್ಟಿಗೆ ವಿನ್ಯಾಸ ಮಾಡಬೇಕು ಎಂದು. 2016ರ ಆವೃತ್ತಿ ಇನ್ನೂ ಮುಂದೆ ಹೋಗಿ ಅಲ್ಲಿ ಕಾಂಕ್ರೀಟ್ ಗೋಡೆ ಅಥವಾ ಬ್ರೇಸಿಂಗ್ (ಪಿಲ್ಲರುಗಳ ನಡುವೆ ಓರೆ ಆಸರೆ) ಕೊಡಬೇಕೆಂದಿತು. 2002ಕ್ಕೆ ಮೊದಲಿನ ಫ್ಲ್ಯಾಟು ಎಂದರೆ ಕೆಟ್ಟದ್ದು ಎಂದಲ್ಲ. ಈ ಪ್ರಶ್ನೆಯನ್ನು ಆಗ ಯಾರೂ ಕೇಳಿರಲಿಲ್ಲ ಎಂದರ್ಥ. ಹೊಸ ಕಟ್ಟಡವಾದರೆ ಇನ್ನೊಂದು ದಿನಾಂಕ ಗುರುತು ಹಾಕಿ: ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಂತೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು. ಪರಿಶೀಲನೆ ಆ ಅವಧಿಯೊಳಗೇ ಮುಗಿಯಲಿ.

ಇನ್ನು ನೆಲ. ಅಹಮದಾಬಾದು ಇರುವುದು ಸಾಬರಮತಿ ತಂದು ಹಾಕಿದ ಆಳದ ಮೆಕ್ಕಲಿನ ಮೇಲೆ. ಮೆತ್ತನೆಯ ನೆಲ ದೂರದಿಂದ ಬಂದ ನಿಧಾನದ ಅಲೆಗಳನ್ನು ಹಿಗ್ಗಿಸುತ್ತದೆ, ಅವು ಬಹುಮಹಡಿಯ ತೂಗಾಟಕ್ಕೆ ತಾಳ ಹಾಕುತ್ತವೆ. ನಮ್ಮಲ್ಲಿ ಮೂರು ಬಗೆಯ ನೆಲ ನೋಡಿಕೊಳ್ಳಬೇಕು.

ಪದವು, ಗುಡ್ಡೆಗಳ ಮೇಲಿನ ಗಟ್ಟಿ ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಒಳ್ಳೆಯದು. ಆದರೆ ಮುರಕಲ್ಲಿನ ಪದರ ಎಷ್ಟು ದಪ್ಪ ಎಂಬುದು ಪ್ರಶ್ನೆ. ಅದರಡಿ ಶೇಡಿಮಣ್ಣು ಇರುತ್ತದೆ, ಒಣಗಿದ್ದಾಗ ಕಲ್ಲಿನಂತೆ ನಿಂತು ನೀರು ಕುಡಿದರೆ ಕರಗುವ ಮಣ್ಣು. ಹತ್ತಿರದ ತೆರೆದ ಬಾವಿಗೆ ಟಾರ್ಚ್ ಬಿಟ್ಟು ನೋಡಿದರೆ ಕೆಂಪು ಎಲ್ಲಿ ಮುಗಿದು ಬಿಳಿ-ಹಳದಿ-ನಸುಗೆಂಪು ಎಲ್ಲಿ ಶುರುವಾಗುತ್ತದೆ ಎಂದು ಕಾಣುತ್ತದೆ. ಪಾಯ ಶೇಡಿಯ ಮೇಲೆ ನಿಂತಿದ್ದು ಪಕ್ಕದಲ್ಲಿ ಹತ್ತಿಪ್ಪತ್ತು ಅಡಿ ದರೆ ಕಡಿದಿದ್ದರೆ ಅದು ಭೂಕಂಪಕ್ಕೆ ಮೊದಲೇ, ಮಳೆಗಾಲಕ್ಕೇ ವಿಚಾರಿಸಬೇಕಾದ ಸಂಗತಿ.

ಎರಡನೆಯದು ಬೈಲು: ಗದ್ದೆಗೆ ಕೆಂಪುಮಣ್ಣು ತುಂಬಿಸಿ ಎಬ್ಬಿಸಿದ ನಿವೇಶನ. ತುಂಬಿದ ಮಣ್ಣಿನ ಮೇಲೆ ಪಾಯ ಕುಳಿತಿದೆಯೋ, ಅದನ್ನು ದಾಟಿ ಗಟ್ಟಿ ನೆಲಕ್ಕೆ ಇಳಿದಿದೆಯೋ ಎಂಬುದು ಡ್ರಾಯಿಂಗಿನಲ್ಲಿ ಸಿಗುತ್ತದೆ. ಮೂರನೆಯದು ಹೊಳೆ-ಕಡಲ ನಡುವಿನ ಮರಳು: ಬೆಂಗ್ರೆ, ತಣ್ಣೀರುಬಾವಿ, ಉಳ್ಳಾಲದ ಅಂಚು, ಮಲ್ಪೆಯ ಕಡೆಯ ಪಟ್ಟಿ, ನದಿ ನಡುವಿನ ಕುದ್ರುಗಳು. ಸಡಿಲ ಮರಳು ನೀರಿನಿಂದ ತುಂಬಿದ್ದಾಗ ಜೋರಾಗಿ ಅಲುಗಿದರೆ ಕೆಲವು ಕ್ಷಣ ದ್ರವದಂತಾಗುತ್ತದೆ. 2001ರಲ್ಲಿ ಕಚ್ಛ್‌ನ ರಣ್‌ನಲ್ಲಿ ಮರಳು, ನೀರು ಚಿಮ್ಮಿದ್ದು ಹೀಗೆಯೇ. ಕಾಂಡ್ಲಾ ಬಂದರಿನಲ್ಲಿ ಪೈಲ್ ಮೇಲೆ ನಿಂತಿದ್ದ ಕಸ್ಟಮ್ಸ್ ಗೋಪುರವೇ ಓರೆಯಾಯಿತು. ಮರಳಿನ ನೆಲದಲ್ಲಿ ಕಟ್ಟುವವರು ಬೋರ್‌ಹೋಲ್ ತೆಗೆಸಿ ಪ್ರತಿ ಒಂದೂವರೆ ಮೀಟರಿಗೆ ಎಸ್‌ಪಿಟಿ ಎಣಿಕೆ (ಕೊಳವೆಯೊಂದನ್ನು ನೆಲಕ್ಕೆ ಒಂದಡಿ ಇಳಿಸಲು ಸುತ್ತಿಗೆಯ ಎಷ್ಟು ಹೊಡೆತ ಬೇಕಾಯಿತು ಎಂಬ ಲೆಕ್ಕ) ಕೇಳಬೇಕು. ಮೇಲಿನ ಹತ್ತು ಮೀಟರಿನಲ್ಲಿ ಆ ಎಣಿಕೆ ಹತ್ತರೊಳಗೆ ಇದ್ದು, ಮಳೆಗಾಲದಲ್ಲಿ ನೀರು ಒಂದೆರಡು ಮೀಟರಿಗೇ ಸಿಗುವುದಾದರೆ ಭೂತಂತ್ರ ಇಂಜಿನಿಯರ್ ಸಲಹೆ ಇಲ್ಲದೆ ಮುಂದುವರಿಯುವುದು ಬೇಡ.

ಪಾರ್ಕಿಂಗಿನಲ್ಲಿ ಟೇಪು ಹಿಡಿದು

ಮೇಲಿನ ಮಹಡಿಗಳಲ್ಲಿ ಕೋಣೆಗೋಣೆಗೆ ಗೋಡೆ ಇದೆ. ಅವು ಲೆಕ್ಕದಲ್ಲಿ ಇಲ್ಲದಿದ್ದರೂ ಕಟ್ಟಡವನ್ನು ಬಿಗಿಯಾಗಿ ಹಿಡಿಯುತ್ತವೆ. ಕೆಳಗೆ ಗೋಡೆಯೇ ಇಲ್ಲ. ನೆಲ ಓಲಾಡಿದಾಗ ಮೇಲಿನ ಭಾಗ ಒಂದೇ ಪೆಟ್ಟಿಗೆಯಂತೆ ಚಲಿಸಿ, ಬಾಗುವ ಕೆಲಸವೆಲ್ಲ ಕೆಳಗಿನ ಪಿಲ್ಲರುಗಳ ತಲೆ, ಬುಡಕ್ಕೆ ಬೀಳುತ್ತದೆ. ಅಹಮದಾಬಾದಿನಲ್ಲಿ ಪಿಲ್ಲರು ಕತ್ತರಿಸಿ ಮೊದಲ ಮಹಡಿ ನೆಲಕ್ಕೆ ಕುಳಿತ ಕಟ್ಟಡಗಳ ಪಕ್ಕದಲ್ಲೇ, ಕೆಳಗೂ ಅಂಗಡಿ, ಮನೆ ಎಂದು ಗೋಡೆ ತುಂಬಿದ್ದ ಅದೇ ಎತ್ತರದ ಕಟ್ಟಡಗಳು ಬಿರುಕು ಬಿಟ್ಟುಕೊಂಡು ನಿಂತಿದ್ದವು.

ಆದ್ದರಿಂದ ಪಾರ್ಕಿಂಗಿನ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಪ್ರತಿ ಪಿಲ್ಲರಿಗೂ ಸಂಖ್ಯೆ ಕೊಡಿ. ನಂತರ ಹೀಗೆ:

1. ಪ್ರತಿ ಪಿಲ್ಲರಿನ ಎರಡೂ ಬದಿ ಅಳೆಯಿರಿ, ಗಾರೆಯ ದಪ್ಪ ಪ್ರತಿ ಬದಿಗೆ ಅರ್ಧದಿಂದ ಮುಕ್ಕಾಲು ಇಂಚು ಕಳೆಯಿರಿ. 9 ಇಂಚು, ಅಂದರೆ 230 ಮಿ.ಮೀ. ಅಗಲದ ಪಿಲ್ಲರು ಗೋಡೆಯೊಳಗೆ ಅಡಗುತ್ತದೆ ಎಂದು ಎಲ್ಲರಿಗೂ ಪ್ರಿಯ. ಅಹಮದಾಬಾದಿನಲ್ಲಿ ಬಿದ್ದ ಕಟ್ಟಡಗಳಲ್ಲೂ ಇದೇ ಅಳತೆ ಸಾಮಾನ್ಯವಾಗಿತ್ತು. ಐಎಸ್ 13920ರ 2016ರ ಆವೃತ್ತಿ ಕೇಳುವುದು ಕನಿಷ್ಠ 300 ಮಿ.ಮೀ.

2. ಹಾಳೆಯಲ್ಲಿ ಪಿಲ್ಲರುಗಳ ಉದ್ದದ ಬದಿ ಎತ್ತ ಮುಖ ಮಾಡಿದೆ ಎಂದು ಗೆರೆ ಎಳೆಯಿರಿ. ಕಾರು ಸಲೀಸಾಗಿ ನುಗ್ಗಲೆಂದು ಎಲ್ಲವನ್ನೂ ಒಂದೇ ದಿಕ್ಕಿಗೆ ಕೂರಿಸುವುದು ರೂಢಿ. ಆಗ ಅಡ್ಡ ದಿಕ್ಕಿನಲ್ಲಿ ಕಟ್ಟಡ ಬರೀ 9 ಇಂಚಿನ ಕಾಲುಗಳ ಮೇಲೆ ನಿಂತಂತೆ. ಅರ್ಧದಷ್ಟಾದರೂ ಇನ್ನೊಂದು ದಿಕ್ಕಿಗೆ ಇರಬೇಕು.

3. ಎತ್ತರ ಅಳೆಯಿರಿ. ಇಳಿಜಾರಿನ ನಿವೇಶನಗಳೇ ಹೆಚ್ಚಿರುವ ಮಂಗಳೂರಿನಲ್ಲಿ ಇದನ್ನು ಬಿಡಲೇಬಾರದು: ಗುಡ್ಡದ ಬದಿಯ ಪಿಲ್ಲರು 5 ಅಡಿ, ಕಣಿವೆಯ ಬದಿಯದು 20 ಅಡಿ. ಬಾಗದೆ ನಿಲ್ಲುವ ಬಿಗುವು ಎತ್ತರದ ಘನಕ್ಕೆ ವಿಲೋಮ. ಎತ್ತರ ಅರ್ಧವಾದರೆ ಬಿಗುವು 8 ಪಟ್ಟು. ಗಟ್ಟಿ ಎಂದು ಕಾಣುವ ಗಿಡ್ಡ ಪಿಲ್ಲರೇ ಬಲವನ್ನೆಲ್ಲ ಎಳೆದುಕೊಂಡು ಮೊದಲು ಓರೆಯಾಗಿ ಸೀಳುತ್ತದೆ. ಪಿಲ್ಲರುಗಳ ನಡುವೆ ಅರ್ಧ ಎತ್ತರದ ಗೋಡೆ ಕಟ್ಟಿ ಮೇಲೆ ಗಾಳಿಗೆ ಬಿಟ್ಟದ್ದು, ಮೆಟ್ಟಿಲಿನ ನಡುಹಂತದ ಬೀಮು ಪಿಲ್ಲರಿನ ನಡುವಿಗೆ ಸೇರಿದ್ದು ಕೂಡ ಇದೇ ತೊಂದರೆ ತರುತ್ತವೆ.

4. ಲಿಫ್ಟಿನ ಗೋಡೆ ಕಾಂಕ್ರೀಟಿನದೋ, ಕಲ್ಲಿನದೋ? ಸುತ್ತಿಗೆಯಿಂದ ತಟ್ಟಿದರೆ ಶಬ್ದದಲ್ಲೇ ಗೊತ್ತಾಗುತ್ತದೆ. ಕಾಂಕ್ರೀಟಿನದಾದರೆ ಅದು ಕಟ್ಟಡದ ಮೂಲೆಯಲ್ಲಿದೆಯೋ ನಡುವಿನಲ್ಲೋ ನೋಡಿ. ಮೂಲೆಯಲ್ಲಿದ್ದರೆ ಕಟ್ಟಡ ಅದರ ಸುತ್ತ ತಿರುಚಿಕೊಳ್ಳುತ್ತದೆ. ಪ್ರತಿ ಮಹಡಿಯಲ್ಲಿ ಸ್ಲ್ಯಾಬು ಆ ಗೋಡೆಗೆ ಸೇರುವಲ್ಲಿ ಬಿರುಕಿದೆಯೇ ಎಂದೂ ನೋಡಿ. ಅಹಮದಾಬಾದಿನಲ್ಲಿ ಲಿಫ್ಟಿನ ಕಾಂಕ್ರೀಟ್ ಗೋಡೆಯನ್ನು ಕಟ್ಟಡಕ್ಕೆ ಬೆಸೆದ ಕಂಬಿ ತೀರಾ ಕಡಿಮೆಯಾಗಿ, ಎರಡೂ ಬೇರೆಬೇರೆಯಾದ ಕಟ್ಟಡಗಳಿದ್ದವು.

5. ಪಿಲ್ಲರಿನ ತಲೆ ಮತ್ತು ಬುಡ. ಬೀಮಿಗೆ ಒಂದಡಿ ಕೆಳಗೆ, ನೆಲಕ್ಕೆ ಒಂದಡಿ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು, ಗಾರೆಯ ಮೇಲೆ ಕಂದು ಕಲೆ, ಪಿಲ್ಲರಿನ ಮೂಲೆಗುಂಟ ನೇರ ಉದ್ದ ಬಿರುಕು ಕಂಡರೆ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿದೆ. ಕಡಲ ಗಾಳಿಯ ಉಪ್ಪು, ಆರು ತಿಂಗಳ ತೇವ, ಜೊತೆಗೆ ಕಂಬಿಗೆ 40 ಮಿ.ಮೀ. ಕವರ್ (ಕಂಬಿಯ ಹೊರಗಿನ ಕಾಂಕ್ರೀಟಿನ ದಪ್ಪ) ಬಿಡದೆ ಹಾಕಿದ ಕಾಂಕ್ರೀಟು ಸೇರಿದರೆ ಇಪ್ಪತ್ತು ವರ್ಷಕ್ಕೇ ಈ ಗತಿ. ಪಾರ್ಕಿಂಗಿನಲ್ಲಿ ಗಾಡಿ ತೊಳೆದ ನೀರು ನಿಲ್ಲುವ ಪಿಲ್ಲರಿನ ಬುಡವನ್ನು ಮೊದಲು ನೋಡಿ. ಬಿರುಕಿನ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಸುವುದು ಲೋಕಾರೂಢಿ. ಅದರಿಂದ ತುಕ್ಕು ನಿಲ್ಲುವುದಿಲ್ಲ, ಮುಂದಿನ ಪರೀಕ್ಷಕನಿಗೆ ಕಾಣದಂತಾಗುತ್ತದೆ, ಅಷ್ಟೆ.

ಕಣ್ಣಿಗೆ ಕಾಣದ್ದು ರಿಂಗು, ಅಂದರೆ ಉದ್ದಗಂಬಿಗಳನ್ನು ಸುತ್ತಿ ಹಿಡಿಯುವ ಅಡ್ಡಕಂಬಿ. ಪಿಲ್ಲರಿನ ಉದ್ದಗಂಬಿ ಎಷ್ಟೇ ದಪ್ಪವಿರಲಿ, ಕಾಂಕ್ರೀಟು ಒಡೆದ ಮೇಲೂ ಅದನ್ನು ಒಳಗೆ ಹಿಡಿದಿಡುವುದು ರಿಂಗು ಮಾತ್ರ. 2001ರಲ್ಲಿ ಮುರಿದ ಪಿಲ್ಲರುಗಳಲ್ಲಿ ರಿಂಗುಗಳು 8 ರಿಂದ 9 ಇಂಚಿಗೊಂದರಂತೆ ಇದ್ದು, ತುದಿಯನ್ನು ಬರೀ 90 ಡಿಗ್ರಿಗೆ ಮಡಿಸಿದ್ದರು. ಕವರು ಉದುರಿದೊಡನೆ ರಿಂಗು ಬಿಚ್ಚಿಕೊಂಡು, ಕಂಬಿ ಬುಟ್ಟಿಯಂತೆ ಹೊರಗೆ ಬಾಗಿತ್ತು. ಬೇಕಾದದ್ದು: ತುದಿ 135 ಡಿಗ್ರಿ ಒಳಕ್ಕೆ ಮಡಿಸಿ, ಮಡಿಸಿದ ಮೇಲೆ ಕನಿಷ್ಠ 65 ಮಿ.ಮೀ. ಬಾಲ ಬಿಡಬೇಕು, ಪಿಲ್ಲರಿನ ತಲೆ, ಬುಡಗಳಲ್ಲಿ ಕನಿಷ್ಠ 450 ಮಿ.ಮೀ. ಉದ್ದಕ್ಕೆ ರಿಂಗಿನ ಅಂತರ 100 ಮಿ.ಮೀ. ಮೀರಬಾರದು; ಬೀಮು ಪಿಲ್ಲರು ಸೇರುವ ಗಂಟಿನ ಒಳಗೂ ರಿಂಗು ಮುಂದುವರಿಯಬೇಕು. ಕೊನೆಯದನ್ನು ಕೈ ತೂರುವುದಿಲ್ಲ ಎಂದು ಕಂಬಿ ಕಟ್ಟುವವರು ಬಿಟ್ಟುಬಿಡುತ್ತಾರೆ. ಹೊಸ ಮನೆ ಕಟ್ಟಿಸುವವರು ಕಾಂಕ್ರೀಟು ಹಾಕುವ ಹಿಂದಿನ ಸಂಜೆ ಈ ಮೂರನ್ನು ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಯಾರನ್ನೂ ಕೇಳಬೇಕಿಲ್ಲ. ಆಗಲೇ ಕಟ್ಟಿ ಮುಗಿದಿದ್ದರೆ ಅಂತರವನ್ನು ರಿಬಾರ್ ಲೊಕೇಟರ್ ತೋರಿಸುತ್ತದೆ. ಕೊಕ್ಕೆಯ ಕೋನ ತಿಳಿಯಲು ಇಂಜಿನಿಯರ್ ಒಂದೆರಡು ಕಡೆ ಕವರು ಬಿಡಿಸಿ ನೋಡಿ ಮತ್ತೆ ಮುಚ್ಚಬೇಕು.

ಒಂದು ಸುಲಭ ಲೆಕ್ಕ

ಹಳೇ ಕಾಂಕ್ರೀಟ್ ಕಟ್ಟಡಗಳ ಮೌಲ್ಯಮಾಪನಕ್ಕೆಂದೇ ಐಎಸ್ 15988 ಇದೆ. ಅದರ ಮೊದಲ ಜರಡಿಯನ್ನು ಕ್ಯಾಲ್ಕುಲೇಟರಿನಲ್ಲೇ ಮಾಡಬಹುದು. ಒಂದು ಉದಾಹರಣೆ: ಪಾರ್ಕಿಂಗಿನ ಮೇಲೆ ನಾಲ್ಕು ಮಹಡಿ, ಅಂದರೆ ಐದು ಸ್ಲ್ಯಾಬು, ಪ್ರತಿಯೊಂದೂ 300 ಚದರ ಮೀಟರ್. ಗೋಡೆ, ನೆಲಹಾಸು ಸೇರಿ ಚದರ ಮೀಟರಿಗೆ 1.2 ಟನ್ ಹಿಡಿದರೆ ಒಟ್ಟು ತೂಕ 1,800 ಟನ್.

ಅಡ್ಡಬಲದ ಗುಣಾಂಕ: ವಲಯದ 0.16ರ ಅರ್ಧ 0.08, ಅದನ್ನು 2.5ರಿಂದ ಗುಣಿಸಿ, ವಿಶೇಷ ರಿಂಗಿಲ್ಲದ ಸಾಮಾನ್ಯ ಚೌಕಟ್ಟಿಗೆ 3ರಿಂದ ಭಾಗಿಸಿ. ಬಂದದ್ದು 0.067. ಅಂದರೆ ಕಟ್ಟಡವನ್ನು ಪಕ್ಕಕ್ಕೆ ತಳ್ಳುವ ಬಲ ಸುಮಾರು 120 ಟನ್. ಪಾರ್ಕಿಂಗಿನಲ್ಲಿ 230ಕ್ಕೆ 450ರ 20 ಪಿಲ್ಲರುಗಳಿದ್ದರೆ ಒಟ್ಟು ಕಾಂಕ್ರೀಟು 2.07 ಚದರ ಮೀಟರ್. ಪ್ರತಿ ಚದರ ಮೀಟರಿಗೆ 58 ಟನ್, ಎಂದರೆ ಸುಮಾರು 0.58 ಮೆಗಾಪಾಸ್ಕಲ್. ಮಾನಕ ಬಿಡುವುದು 0.4 ಮಾತ್ರ. ಹಳೇ ಕಟ್ಟಡಕ್ಕೆಂದು ಬಲದಲ್ಲಿ ಮೂರನೇ ಒಂದು ಪಾಲು ರಿಯಾಯಿತಿ ಕೊಟ್ಟು, ಪಿಲ್ಲರು ಸಾಲುಗಳ ಸಂಖ್ಯೆಗಾಗಿ ಸೂತ್ರ ಕೇಳುವ ಹೆಚ್ಚಳ ಸೇರಿಸಿದರೂ ಉತ್ತರ 0.4ರ ಮೇಲೆಯೇ ನಿಲ್ಲುತ್ತದೆ.

ಇದರಲ್ಲಿ ಫೇಲಾದರೆ ಕಟ್ಟಡ ಬೀಳುತ್ತದೆ ಎಂದಲ್ಲ, ವಿವರವಾದ ವಿಶ್ಲೇಷಣೆ ಬೇಕು ಎಂದರ್ಥ. ಆದರೆ ಪಾಸಾದರೂ ರಿಂಗು, ತುಕ್ಕು, ತಿರುಚಾಟ ಇವು ಯಾವುವೂ ಈ ಲೆಕ್ಕದಲ್ಲಿ ಇಲ್ಲ ಎಂಬುದು ನೆನಪಿರಲಿ. ಸಂಘದ ಸಭೆಯಲ್ಲಿ ಈ ಒಂದು ಹಾಳೆ ಇಟ್ಟರೆ ಇಂಜಿನಿಯರ್ ಶುಲ್ಕಕ್ಕೆ ಒಪ್ಪಿಗೆ ಬೇಗ ಸಿಗುತ್ತದೆ.

ಮೇಲೆ ಮತ್ತು ಪಕ್ಕದಲ್ಲಿ

ಅಹಮದಾಬಾದಿನಲ್ಲಿ ಮೊದಲ ಮಹಡಿಯಿಂದ ಮೇಲೆ ಮೂರು ನಾಲ್ಕು ಅಡಿ ಹೊರಚಾಚಿ, ಆ ಚಾಚಿನ ತುದಿಯಲ್ಲಿ ಗೋಡೆ ಕಟ್ಟಿ ಕೋಣೆ ಮಾಡಿಕೊಳ್ಳುವುದು ಸಾಮಾನ್ಯವಾಗಿತ್ತು. ಹಾಗಾಗಿ ಹೊರಸಾಲಿನ ಗೋಡೆಯ ಅಡಿಯಲ್ಲಿ ಪಿಲ್ಲರೇ ಇರಲಿಲ್ಲ. ನಿಮ್ಮ ಕಟ್ಟಡದ ಹೊರಗೆ ನಿಂತು ಮೇಲಿನ ಮೂಲೆಯಿಂದ ಕಣ್ಣನ್ನು ನೇರ ಕೆಳಗೆ ಇಳಿಸಿ: ಪಿಲ್ಲರು ನೆಲದ ತನಕ ಬರುತ್ತದೆಯೋ, ಮೊದಲ ಮಹಡಿಯ ಬೀಮಿನ ಮೇಲೆ ಕುಳಿತುಬಿಟ್ಟಿದೆಯೋ? ಬೀಮಿನ ಮೇಲೆ ಕುಳಿತ ಪಿಲ್ಲರು ಸಿಕ್ಕರೆ ಹಾಳೆಯಲ್ಲಿ ಕೆಂಪು ಗುರುತು ಹಾಕಿ.

ತಾರಸಿಯಲ್ಲಿ ನೀರಿನ ಲೆಕ್ಕ ಸರಳ, 10,000 ಲೀಟರ್ ಎಂದರೆ 10 ಟನ್. ಟ್ಯಾಂಕುಗಳೆಲ್ಲ ಒಂದೇ ಮೂಲೆಯಲ್ಲಿದ್ದರೆ, ನಂತರ ಸೇರಿಸಿದ್ದಾದರೆ ಬರೆದುಕೊಳ್ಳಿ. ಮಳೆಗೆಂದು ಹಾಕಿದ ಶೀಟಿನ ಮಾಡು ಹಗುರ, ಅದರಿಂದ ಕಟ್ಟಡಕ್ಕೆ ಅಪಾಯ ಕಡಿಮೆ. ಅದರ ಕಾಲುಗಳನ್ನು ಅರ್ಧ ಇಟ್ಟಿಗೆಯ ಪ್ಯಾರಾಪೆಟ್ಟಿಗೆ ಬೋಲ್ಟ್ ಹಾಕಿ ನಿಲ್ಲಿಸಿದ್ದರೆ ಪ್ಯಾರಾಪೆಟ್ಟೇ ಕೆಳಗೆ ಬೀಳುತ್ತದೆ. ಶೀಟಿನಡಿ ಗೋಡೆ ಕಟ್ಟಿ ಇನ್ನೊಂದು ಮನೆ ಮಾಡಿದ್ದರೆ ಮಾತ್ರ ಅದನ್ನು ಒಂದು ಮಹಡಿ ಎಂದೇ ಎಣಿಸಿ.

ಪಕ್ಕದ ಕಟ್ಟಡಕ್ಕೆ ಎಷ್ಟು ಸಂದು? ಐಎಸ್ 4326ರಂತೆ ಪಿಲ್ಲರು-ಬೀಮಿನ ಕಟ್ಟಡಕ್ಕೆ ಮಹಡಿಗೆ 20 ಮಿ.ಮೀ. ಲೆಕ್ಕ, ಐದು ಅಂತಸ್ತಿಗೆ 100 ಮಿ.ಮೀ. ಪೇಟೆಯ ಹಳೇ ಬೀದಿಗಳಲ್ಲಿ ಈ ಸಂದೇ ಇರುವುದಿಲ್ಲ. ಎರಡೂ ಕಟ್ಟಡದ ಸ್ಲ್ಯಾಬುಗಳು ಒಂದೇ ಮಟ್ಟದಲ್ಲಿದ್ದರೆ ಹಾನಿ ಸಣ್ಣದು. ಒಂದರ ಸ್ಲ್ಯಾಬು ಇನ್ನೊಂದರ ಪಿಲ್ಲರಿನ ನಡುಭಾಗಕ್ಕೆ ಎದುರಾಗಿದ್ದರೆ ಅಲ್ಲಿ ಗುದ್ದು ಜೋರು.

ಹಂಚಿನ ಮನೆಗೆ ಬೇರೆ ಕ್ರಮ

1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ 6.2ರ ಭೂಕಂಪಕ್ಕೆ ಸುಮಾರು 8,000 ಜನ ಸತ್ತದ್ದು, ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲೆ ಅಡಿಗಟ್ಟಲೆ ಮಣ್ಣು ಹೊದಿಸಿದ ಮಾಡಿನಿಂದ. ನಮ್ಮ ಹಂಚಿನ ಮಾಡು ರೀಪು ಸೇರಿ ಚದರ ಮೀಟರಿಗೆ ಸುಮಾರು 65 ಕಿಲೋ. 5 ಇಂಚಿನ ಸ್ಲ್ಯಾಬು 300 ಕಿಲೋಗೂ ಮೇಲೆ. ಹಗುರ ಮಾಡು ದೊಡ್ಡ ಭಾಗ್ಯ, ಅದನ್ನು ಕೈಯಾರೆ ಕಳೆದುಕೊಳ್ಳಬೇಡಿ: ಮಣ್ಣಿನಲ್ಲಿ ಕಟ್ಟಿದ ಹಳೇ ಕೆಂಪುಕಲ್ಲಿನ ಗೋಡೆಯ ಮೇಲೆ ಅರ್ಧ ಮನೆಗೆ ಸ್ಲ್ಯಾಬು ಹಾಕಿಸುವುದು ಇಲ್ಲಿ ಕಾಣುವ ಅತಿ ಕೆಟ್ಟ 'ಸುಧಾರಣೆ'.

ನೋಡಬೇಕಾದ್ದು ಮೂಲೆಗಳನ್ನು. ಎರಡು ಗೋಡೆ ಸೇರುವಲ್ಲಿ ಕಲ್ಲುಗಳು ಒಂದು ಬಿಟ್ಟು ಒಂದು ಸಾಲಿಗೆ ಹಲ್ಲಿನಂತೆ ಕೂಡಿವೆಯೋ, ನೇರ ಸಂದು ಬಿಟ್ಟಿದೆಯೋ? ಬಾಗಿಲು ಕಿಟಕಿ ಮೂಲೆಯಿಂದ ಕನಿಷ್ಠ ಒಂದೂವರೆ ಅಡಿ, ಒಂದರಿಂದ ಒಂದಕ್ಕೆ ಎರಡಡಿ ದೂರ ಇರಲಿ. ಲಿಂಟಲ್ಲು ಬರೀ ಕಿಟಕಿಯ ಮೇಲೆ ತುಂಡುತುಂಡಾಗಿದೆಯೋ, ಇಡೀ ಮನೆಯನ್ನು ಸುತ್ತಿದೆಯೋ? ಹೊಸದಾಗಿ ಕಟ್ಟುವಾಗ ಇದಕ್ಕೆ ದೊಡ್ಡ ಖರ್ಚಿಲ್ಲ: 75 ಮಿ.ಮೀ. ದಪ್ಪದ ಕಾಂಕ್ರೀಟ್ ಪಟ್ಟಿ, ಒಳಗೆ 8 ಅಥವಾ 10 ಮಿ.ಮೀ.ಯ ಎರಡು ಕಂಬಿ, 150 ಮಿ.ಮೀ.ಗೊಂದು 6 ಮಿ.ಮೀ. ಕೊಂಡಿ, ಒಳಗೋಡೆಗಳ ಮೇಲೂ ಕಡಿಯದೆ ಹಾಯಬೇಕು. ಮೂಲೆಯಲ್ಲಿ ಕಂಬಿಯನ್ನು ಬಗ್ಗಿಸಿ ಮುಂದಿನ ಗೋಡೆಗೆ ಒಯ್ಯದೆ ಅಲ್ಲೇ ಕತ್ತರಿಸಿದರೆ ಪಟ್ಟಿ ಹಾಕಿದ್ದೇ ದಂಡ.

ಹಳೇ ಮನೆಗೆ ಅದೇ ಕೆಲಸವನ್ನು ಹೊರಗಿನಿಂದ ಮಾಡಬಹುದು. ಲಿಂಟಲ್ ಮಟ್ಟದಲ್ಲಿ ಒಂದಡಿ ಅಗಲಕ್ಕೆ ಗಾರೆ ಕೆತ್ತಿ, ಕಲ್ಲಿನ ಸಂದುಗಳನ್ನು ಉಜ್ಜಿ ತೊಳೆದು, ಗೋಡೆಯ ಎರಡೂ ಮುಖಕ್ಕೆ ಗ್ಯಾಲ್ವನೈಸ್ಡ್ ವೆಲ್ಡ್ ಮೆಶ್ ಹಿಡಿಸಿ, ಗೋಡೆ ತೂರಿ ಎರಡನ್ನೂ ಕಂಬಿಯಿಂದ ಬಂಧಿಸಿ, ಒಂದಕ್ಕೆ ಮೂರರ ಸಿಮೆಂಟ್ ಗಾರೆಯನ್ನು ಎರಡು ಕೋಟಿನಲ್ಲಿ ಹೊದಿಸಿ, ಹತ್ತು ದಿನ ನೀರುಣಿಸಬೇಕು. ಮೆಶ್ಶನ್ನು ಹಳೇ ಗಾರೆಯ ಮೇಲೆಯೇ ಮೊಳೆ ಹೊಡೆದು ಮುಚ್ಚಿದರೆ ಗೋಡೆ ಅಲುಗಿದಾಗ ಗಾರೆ ಸಮೇತ ಕಳಚುತ್ತದೆ. ಮೇಸ್ತ್ರಿಯ ಬೆನ್ನ ಹಿಂದೆ ನಿಲ್ಲಬೇಕಾದ ಜಾಗ ಇದೇ.

ಮಾಡಿನಲ್ಲಿ ಪಕ್ಕಾಸುಗಳ (ಹಂಚು ಹೊರುವ ಇಳಿಜಾರು ಮರಗಳ) ಬುಡ ಗೋಡೆಯ ಮೇಲಿನ ಮರಕ್ಕೆ, ಆ ಮರ ಗೋಡೆಗೆ, ಕಬ್ಬಿಣದ ಪಟ್ಟಿ, ಬೋಲ್ಟಿನಿಂದ ಬಿಗಿದಿರಲಿ. ಗೆದ್ದಲು ತಿಂದ ತುದಿಗಳನ್ನು ಬದಲಿಸಿ. ಮಾಡಿನ ಎರಡೂ ಕೊನೆಗಳಲ್ಲಿ ತ್ರಿಕೋನವಾಗಿ ಏರಿದ ಗೋಡೆ ಒಂಟಿಯಾಗಿ ನಿಂತಿರುತ್ತದೆ, ಹೊರಗೆ ಬೀಳುವುದರಲ್ಲಿ ಅದೇ ಮೊದಲು. ಅದನ್ನು ಮಾಡಿನ ಮರಗಳಿಗೆ ಕಟ್ಟಿ, ಆಗದಿದ್ದರೆ ಆ ಭಾಗವನ್ನು ಹಲಗೆಯಿಂದಲೋ ಶೀಟಿನಿಂದಲೋ ಮುಚ್ಚಿ. ಅಹಮದಾಬಾದಿನ ಹಳೇ ಪೇಟೆಯಲ್ಲಿ ಗೋಡೆಯೊಳಗೆ ಮರದ ಚೌಕಟ್ಟು ಹೆಣೆದಿದ್ದ ಮನೆಗಳು ಹೆಚ್ಚಿನವು ಉಳಿದದ್ದು ಈ ಕಟ್ಟುಗಳ ದೆಸೆಯಿಂದಲೇ.

ಇಂಜಿನಿಯರ್ ಬಂದ ಮೇಲೆ

ಕರೆಯಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರ್. ನಕ್ಷೆ ಬರೆಯುವವರಲ್ಲ, ಬಣ್ಣದ ಗುತ್ತಿಗೆದಾರನಂತೂ ಅಲ್ಲವೇ ಅಲ್ಲ. ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ಪ್ರಯೋಗಾಲಯಗಳಲ್ಲೂ ವಿಚಾರಿಸಬಹುದು. ಜಿಲ್ಲೆಯಲ್ಲಿ ಸುರತ್ಕಲ್‌ನ ಎನ್‌ಐಟಿಕೆ ಇದೆ, ಉಡುಪಿಯ ಕಡೆಗೆ ಮಣಿಪಾಲದ ಎಂಐಟಿ ಇದೆ. ಕೊಟೇಶನ್ನಿನಲ್ಲಿ ಪರೀಕ್ಷೆಗಳನ್ನು ಹೆಸರಿಸಿ ಕೇಳಿ. ರಿಬೌಂಡ್ ಹ್ಯಾಮರ್ ಒಂದನ್ನೇ ನಂಬುವಂತಿಲ್ಲ, ಅದು ಮೇಲ್ಮೈಯ ಗಡಸುತನ ಮಾತ್ರ ಹೇಳುತ್ತದೆ. ಹಳೇ ಕಾಂಕ್ರೀಟಿನಲ್ಲಿ ಹೆಚ್ಚಿನ ಅಂಕ ತೋರಿಸಿ ಮೋಸ ಮಾಡುತ್ತದೆ. ಜೊತೆಗೆ ಅಲ್ಟ್ರಾಸಾನಿಕ್ ಪರೀಕ್ಷೆ, ಕನಿಷ್ಠ ಮೂರು ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ದುಂಡು ತುಂಡು) ತೆಗೆದು ಒತ್ತುವ ಪರೀಕ್ಷೆ ಇರಲಿ. ತುಕ್ಕಿಗೆ ಎರಡು: ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ಸಿಂಪಡಿಸಿದರೆ ಗುಲಾಬಿ ಬಣ್ಣ ಬಂದ ಭಾಗ ಆರೋಗ್ಯವಾಗಿದೆ, ಬಣ್ಣ ಬಾರದ ಭಾಗ ಕಂಬಿಯ ತನಕ ತಲುಪಿದ್ದರೆ ರಕ್ಷಣೆ ಹೋಗಿದೆ, ಕಂಬಿಯ ವಿದ್ಯುತ್ ವಿಭವ ಅಳೆಯುವ ಹಾಫ್ ಸೆಲ್ ಪರೀಕ್ಷೆಯಲ್ಲಿ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಬಂದರೆ ತುಕ್ಕು ನಡೆಯುತ್ತಿರುವುದು ಬಹುತೇಕ ಖಚಿತ. ಕಡಲ ಹತ್ತಿರ ಕ್ಲೋರೈಡ್ ಪ್ರಮಾಣವನ್ನೂ ಸೇರಿಸಿ.

ಬಲಪಡಿಸುವಾಗ ಪಾರ್ಕಿಂಗಿಗೆ ಒಳ್ಳೆಯ ಮದ್ದು ಕೆಲವು ಪಿಲ್ಲರುಗಳ ನಡುವೆ ಕಾಂಕ್ರೀಟ್ ಗೋಡೆ ಕಟ್ಟುವುದು. ಗೋಡೆಗೆ ತನ್ನದೇ ಪಾಯ ಬೇಕು, ಎರಡೂ ದಿಕ್ಕಿನಲ್ಲಿ ಬೇಕು, ಕಟ್ಟಡದ ನಡುಗೆರೆಗೆ ಎರಡೂ ಬದಿಗೆ ಸಮನಾಗಿ ಬೇಕು. ಯಾರ ಕಾರಿನ ಜಾಗ ಹೋಗುತ್ತದೆ ಎಂಬ ಜಗಳದಲ್ಲಿ ಎಲ್ಲ ಗೋಡೆಗಳೂ ಹಿಂಬದಿಗೆ ಸರಿದುಬಿಟ್ಟರೆ ಕಟ್ಟಡ ತಿರುಚುತ್ತದೆ, ಮೊದಲಿಗಿಂತ ಕೆಡುಕು. ಪಿಲ್ಲರಿಗೆ ಜಾಕೆಟ್ ಹಾಕುವುದಾದರೆ ಕಾಂಕ್ರೀಟಿನ ದಪ್ಪ ಪ್ರತಿ ಬದಿಗೆ ಕನಿಷ್ಠ 100 ಮಿ.ಮೀ.; ಹೊಸ ಉದ್ದಗಂಬಿ ಕೆಳಗೆ ಪಾಯದಲ್ಲಿ ಬೇರೂರಿ, ಮೇಲೆ ಸ್ಲ್ಯಾಬಿಗೆ ತೂತು ಕೊರೆದು ದಾಟಬೇಕು. ಸ್ಲ್ಯಾಬಿನಡಿಗೇ ನಿಲ್ಲಿಸಿದ ಜಾಕೆಟ್, ಒಡೆಯುವ ಜಾಗವನ್ನು ಬಿಟ್ಟು ಉಳಿದದ್ದಕ್ಕೆ ಅಂಗಿ ತೊಡಿಸಿದ ಹಾಗೆ. ಹಳೇ ಮೇಲ್ಮೈಯನ್ನು ಒರಟು ಮಾಡದೆ, ತುಕ್ಕು ತೆಗೆಯದೆ ಮುಚ್ಚಿದರೆ ಐದಾರು ಮಳೆಗಾಲದಲ್ಲಿ ಹೊಸ ಕಾಂಕ್ರೀಟೂ ಸೀಳುತ್ತದೆ.

ಅಲುಗಾಟ ಬಂದಾಗ, ನಿಂತ ಮೇಲೆ

ಅಂಜಾರಿನಲ್ಲಿ ಅಂದು ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾಮಕ್ಕಳು ಇಕ್ಕಟ್ಟಿನ ಬೀದಿಯಲ್ಲಿ ಎರಡೂ ಬದಿಯ ಕಟ್ಟಡ ಕುಸಿದು ಸತ್ತರು. ಹೊರಗೆ ಓಡಿದರೆ ಬಚಾವು ಎಂಬುದು ಬಯಲು ಇರುವಲ್ಲಿ ಮಾತ್ರ ನಿಜ. ಹಂಚಿನ ಮನೆಯಲ್ಲಿ ನಾಲ್ಕು ಹೆಜ್ಜೆಗೆ ಅಂಗಳ ಸಿಗುವುದಾದರೆ ಹೊರಗೆ ಬನ್ನಿ, ಪಾಗಾರ, ಬಾವಿಕಟ್ಟೆ, ದರೆಯಿಂದ ದೂರ ನಿಲ್ಲಿ. ಮೂರನೇ ಮಹಡಿಯಲ್ಲಿದ್ದರೆ ಮೆಟ್ಟಿಲಿಗೆ ಓಡದೆ ಗಟ್ಟಿ ಮೇಜಿನಡಿ ತಲೆ ಮುಚ್ಚಿ ಅದರ ಕಾಲು ಹಿಡಿದು ಕುಳಿತುಕೊಳ್ಳಿ. ಇದಕ್ಕೆ ಮೊದಲೇ ಮಾಡಿಡಬೇಕಾದ್ದು ಇಷ್ಟೇ: ಕಪಾಟನ್ನು ಎಲ್ ಆಕಾರದ ಪಟ್ಟಿಯಿಂದ ಗೋಡೆಗೆ ಬಿಗಿಯಿರಿ, ಮಂಚದ ತಲೆಯ ಮೇಲಿನ ಅಟ್ಟದಿಂದ ಭಾರ ಇಳಿಸಿ, ಇನ್ವರ್ಟರ್ ಬ್ಯಾಟರಿಗೆ ಬೆಲ್ಟ್ ಹಾಕಿ, ಸಿಲಿಂಡರಿಗೆ ಸರಪಳಿ ಹಾಕಿ.

ನಿಂತ ಮೇಲೆ ಗ್ಯಾಸಿನ ರೆಗ್ಯುಲೇಟರ್, ಮೈನ್ ಸ್ವಿಚ್ಚು ಬಂದ್ ಮಾಡಿ, ಮೆಟ್ಟಿಲಿನಲ್ಲಿ ಇಳಿಯಿರಿ. ಇಳಿಯುವಾಗ ಪಾರ್ಕಿಂಗಿನ ಪಿಲ್ಲರುಗಳ ಮೇಲೆ ಒಮ್ಮೆ ಟಾರ್ಚ್ ಹಾಯಿಸಿ, ಅಲ್ಲಿ ನಿಲ್ಲಬೇಡಿ. ಪಿಲ್ಲರಿನಲ್ಲಿ ಓರೆ ಬಿರುಕು, ತಲೆಯಲ್ಲಿ ಜಜ್ಜಿದ ಕಾಂಕ್ರೀಟು, ಹೊರಗಿಣುಕಿದ ಕಂಬಿ, ನೂಲುಗುಂಡಿಗೆ ಕಾಣುವ ವಾಲು, ಇವುಗಳಲ್ಲಿ ಒಂದಿದ್ದರೂ ಒಳಗೆ ಮರಳಬಾರದು. ಪಾಸ್‌ಬುಕ್ಕು, ಚಿನ್ನ ಅಂತಲೂ ಹೋಗಬಾರದು, ಪಶ್ಚಾತ್ ಕಂಪನಗಳು ಅರೆಮುರಿದ ಪಿಲ್ಲರಿಗೆ ಸಾಕಾಗುತ್ತವೆ. ಕಿಟಕಿಗಳ ನಡುವಿನ ಗೋಡೆಯಲ್ಲಿ ಗುಣಿಸು ಚಿಹ್ನೆಯಂತೆ ಬಿರುಕಿದ್ದರೆ ಇಂಜಿನಿಯರ್ ನೋಡುವ ತನಕ ಆ ಕೋಣೆ ಬಳಸಬೇಡಿ. ಗಾರೆಯಲ್ಲಿ 0.3 ಮಿ.ಮೀ.ಗಿಂತ ಸಣ್ಣ ಕೂದಲೆಳೆ, ಬೀಮಿನಡಿಯ ಅಡ್ಡಸಂದು ಮಾತ್ರವಾದರೆ ವಾಸಕ್ಕೆ ತೊಂದರೆಯಿಲ್ಲ. ಅಡ್ಡಲಾಗಿ ಸುಣ್ಣದ ಅಥವಾ ಪ್ಲಾಸ್ಟರಿನ ತೆಳು ಪಟ್ಟಿ ಬಳಿದು ತಾರೀಕು ಬರೆಯಿರಿ, ಪಟ್ಟಿ ಒಡೆದರೆ ಬಿರುಕು ಬೆಳೆಯುತ್ತಿದೆ. ಲಿಫ್ಟನ್ನು ಹಳಿ, ತೂಕದ ಕಲ್ಲು ಸರಿದಿಲ್ಲವೆಂದು ಲಿಫ್ಟಿನ ಕಂಪನಿಯವರು ನೋಡಿ ಹೇಳುವ ತನಕ ಚಾಲೂ ಮಾಡಬೇಡಿ. ಸಂಪಿನ ನೀರನ್ನೂ ಪಕ್ಕದ ಡ್ರೈನೇಜ್ ಪೈಪು ಒಡೆದಿಲ್ಲವೆಂದು ಖಾತ್ರಿಯಾದ ಮೇಲೆಯೇ ಮೇಲಕ್ಕೆ ಪಂಪು ಮಾಡಿ.